ಒಡೆಯದ ದಾಳಿಂಬೆ

ಬೌರಿಂಗ್‌ಪೇಟೆ ಎಂದೇ ಎಲ್ಲರೂ ಕರೆಯುತ್ತಿದ್ದ ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ, ಊರಿಗಾಂನಲ್ಲಿ ಇಳಿದು, ಅಮ್ಮಾಜಿ ಹಣ್ಣಿನ ಬುಟ್ಟಿಯನ್ನು ನಂದಿದುರ್ಗ ಗಣಿಯ ಗೇಟಿನೆದುರು ಇಳಿಸುತ್ತಿದ್ದಳು. ಒಂದು ದಾಳಿಂಬೆಯನ್ನು ಮಾತ್ರ ಸೆರಗಿನ ಗಂಟಿನಲ್ಲಿ ಬೇರೆ ಇಟ್ಟಿರುತ್ತಿದ್ದಳು. ಅದು ಆಂಜಿನಪ್ಪನಿಗೆ.

ಅವನು ಗಣಿಯೊಳಗೆ ಬಂಡೆ ಕೊರೆಯುವಾಗ ಕೈಯೆಲ್ಲ ಅದುರಿಸುವ ಮಿಷಿನ್ನು ಹಿಡಿಯುವವನು. ಅವಳ ಊರಿನ ಪಕ್ಕದ ಹಳ್ಳಿಯವನು, ವರಸೆಯಲ್ಲಿ ಮಾವ. ಬೆರಳು ಜೋಮು ಹಿಡಿಯುತ್ತವೆ ಎಂದು ಅವನು ಒಮ್ಮೆ ಬಾಯಿಬಿಟ್ಟಾಗ ಅವಳೇ ಹೇಳಿದ್ದಳು: “ರಕ್ತ ತುದಿಗಂಟ ಓಗ್ತಿಲ್ಲ. ದಾಳಿಂಬೆ ತಿನ್ನು. ನಮ್ಮಜ್ಜಿ ಕೈಕಾಲು ಅದ್ರಿಂದಲೇ ಆಡ್ತಿರೋದು.”

ಆ ದಿನವೂ ಹಣ್ಣು ಕೊಡುತ್ತ ಕೇಳಿದಳು.

“ನಿನ್ನೇದು ಎಂಗಿತ್ತು ಮಾಮ?”

“ಸೀಯಾಗಿತ್ತು.”

“ನನ್ನ ಮೊಕ ನೋಡಿ ಏಳು.”

“ನಿನ್ನ ಮೊಕ ನೋಡಿದ್ರೆ ಅಣ್ಣಿನ ರುಚಿ ಮರೆತೋಗ್ತದೆ.”

ಅವಳು ನಕ್ಕಳು. ನಗು ಬೇಗ ಆರಿತು. “ಶುಕ್ರವಾರ ಟೇಕಲ್ ಕಡೆಯೋರು ನಮ್ಮನೆಗೆ ಅಣ್ಣು ತತ್ತಾರಂತೆ.”

ಅವನಿಗೆ ಅರ್ಥವಾಯಿತು. ಗಂಡಿನ ಕಡೆಯ ಹಣ್ಣು ಹೆಣ್ಣಿನ ಮಡಿಲಿಗೆ ಬಿದ್ದರೆ ಅವರಲ್ಲಿ ಮದುವೆಯ ಮಾತು ಮುಗಿದಂತೆ. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಶಿಫ್ಟಿನ ಕೊಂಬು ಕೂಗಿತು. ಅವನು ಹಣ್ಣನ್ನು ಊಟದ ಬಟ್ಟೆಯಲ್ಲಿ ಸುತ್ತಿಕೊಂಡು ಗೇಟಿನೊಳಗೆ ಹೋದ.

ಮಧ್ಯಾಹ್ನ ಶಿಫ್ಟು ಬಿಟ್ಟಿತು. ಮೇಲೆ ಬಂದವರನ್ನು ಕಾವಲಿನವರು ಒಬ್ಬೊಬ್ಬರನ್ನಾಗಿ ತಡೆದು, ಚಿನ್ನದ ಚೂರೇನಾದರೂ ಇದೆಯೇ ಎಂದು ಬಾಯಿ, ಜುಟ್ಟು, ಬುತ್ತಿ ಎಲ್ಲವನ್ನೂ ತಡಕುತ್ತಿದ್ದರು. ಆಂಜಿನಪ್ಪನ ಊಟದ ಬಟ್ಟೆ ಬಿಚ್ಚಿದ ಕಾವಲಿನವನು ಹುಬ್ಬೇರಿಸಿದ.

“ಏನ್ರಾ ಇದು? ತಿನ್ನೋ ಪಳಂ ತಿನ್ನದೆ ವಾಪಸ್ ತಂದಿದೀಯ. ಒಳಗೆ ಏನು ತುರುಕಿದೀಯ?”

ಮಾತು ಮುಗಿಯುವ ಮೊದಲೇ ಹಣ್ಣನ್ನು ಕಂಬಿಗೆ ಅಪ್ಪಳಿಸಿದ. ಕೆಂಪು ಕಾಳುಗಳು ಮಣ್ಣಿನ ತುಂಬ ಚೆಲ್ಲಿದವು. ಚಿನ್ನವಿರಲಿಲ್ಲ. ಸಾಲಿನಲ್ಲಿದ್ದವರು ನಕ್ಕರು.

ಅಮ್ಮಾಜಿ ನಗಲಿಲ್ಲ. ಬೆಳಿಗ್ಗೆ ತಾನು ಕೊಟ್ಟ ಹಣ್ಣು ಅದು. ಹಾಗಾದರೆ ದಿನವೂ ‘ಸೀಯಾಗಿತ್ತು’ ಎಂದದ್ದು ಸುಳ್ಳೇ? ಅವಳು ಬುಟ್ಟಿಗೆ ಬಟ್ಟೆ ಮುಚ್ಚಿ, ತಲೆಗೆ ಸಿಂಬಿ ಇಟ್ಟುಕೊಂಡಳು. ಟೇಕಲ್‌ನವರು ಬರಲಿ.

ಆಗ ಅವನು ಮಂಡಿಯೂರಿ ಕಾಳು ಹೆಕ್ಕತೊಡಗಿದ್ದನ್ನು ಕಂಡಳು. ಒಂದು ಕಾಳನ್ನು ಹಿಡಿದ, ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಗಣಿಯೊಳಗಿನ ಕಾವಿನಿಂದ ಪುಷ್ಯದ ಚಳಿಗಾಳಿಗೆ ಬಂದಿದ್ದ ಅವನ ಬೆರಳ ತುದಿಗಳು ಸುಣ್ಣದಲ್ಲಿ ಅದ್ದಿದಂತೆ ಬೆಳ್ಳಗಿದ್ದವು.

ಅವಳು ಸಿಂಬಿ ತೆಗೆದಳು. ಬುಟ್ಟಿಯೊಂದಿಗೆ ಅವನ ಎದುರಿಗೆ ಹೋಗಿ ಕುಳಿತಳು.

“ಒಡೆಯಕ್ಕಾಗ್ತಿರ್ಲಿಲ್ವಾ ಮಾಮ?”

ಅವನು ತಲೆ ಎತ್ತಲಿಲ್ಲ. “ಕೂಲಿ ಲೈನಿನ ಮನೆಗಳ ಮಕ್ಕಳಿಗೆ ಕೊಡ್ತಿದ್ದೆ. ಅವರು ತಿನ್ನೋದು ನೋಡಿ ರುಚಿ ಏಳ್ತಿದ್ದೆ.”

“ನನ್ನ ಕೇಳಿದ್ರೆ ಬಿಡಿಸಿ ಕೊಡ್ತಿರ್ಲಿಲ್ವಾ?”

“ಸತ್ತ ಕೈಯೋನಿಗೆ ನಿಮ್ಮಪ್ಪ ಎಣ್ಣು ಕೊಡ್ತಾರಾ, ಅಮ್ಮಾಜಿ?”

ಬುಟ್ಟಿಯಿಂದ ಇನ್ನೊಂದು ದಾಳಿಂಬೆ ತೆಗೆದು ಸಿಪ್ಪೆ ಸೀಳಿ, ಬಿಳಿ ಪೊರೆ ಬಿಡಿಸಿ, ಅವನ ಅಂಗೈ ತುಂಬ ಕಾಳು ಸುರಿದಳು. ಅವನು ಅಂಗೈಯನ್ನೇ ಬಾಯಿಗೆತ್ತಿದ. ರಸ ಮೊಣಕೈವರೆಗೆ ಇಳಿಯಿತು.

“ಎಂಗದೆ?”

“ಉಳಿ,” ಎಂದ, ಮುಖ ಹುಳ್ಳಗೆ ಮಾಡಿ. ಅವನು ಅವಳಿಗೆ ಹೇಳಿದ ಮೊದಲ ನಿಜವಾದ ರುಚಿ ಅದು. ಅವಳ ಕಣ್ಣು ತುಂಬಿತು.

“ಅಣ್ಣು ರಕ್ತಾನ ಕೈಗೆ ತಳ್ತದೆ, ಮಿಷಿನ್ನು ವಾಪಸ್ ಅಟ್ತದೆ. ಪಾಪ, ಆ ರಕ್ತ ಯಾವ ಕಡೆ ಓಗ್ಬೇಕು? ಮಿಷಿನ್ನು ಬಿಡು ಮಾಮ.”

“ಮೇಲಿನ ಕೆಲಸಕ್ಕೆ ಕೂಲಿ ಕಮ್ಮಿ. ಕೈ ಸರಿಯಾಗ್ತದೆ ಅಂತಾನೂ ಗ್ಯಾರಂಟಿ ಇಲ್ಲ.”

“ನಾನು ಅದನ್ನ ಕೇಳಿದ್ನಾ?”

ಅವನು ಗಣಿಯ ರಾಟೆಯನ್ನು ನೋಡಿದ. ಅದು ತಿರುಗುತ್ತಲೇ ಇತ್ತು, ಮುಂದಿನ ಶಿಫ್ಟಿನವರನ್ನು ಇಳಿಸುತ್ತ. “ಬಿಡ್ತೀನಿ,” ಎಂದ. “ನಾಳೆಯೇ ಮೇಸ್ತ್ರಿಗೆ ಏಳ್ತೀನಿ.”

ಆಮೇಲೆ ಬುಟ್ಟಿಯತ್ತ ಬಾಗಿ, ಬೆರಳುಗಳನ್ನು ನಂಬದೆ, ಎರಡು ಅಂಗೈಗಳ ನಡುವೆ ಒಂದು ಇಡೀ ದಾಳಿಂಬೆಯನ್ನು ಒತ್ತಿ ಹಿಡಿದು ಎತ್ತಿದ. ಬುಟ್ಟಿಯೂ ಅವಳದೇ, ಹಣ್ಣೂ ಅವಳದೇ. ತರುವ ಕೈ ಮಾತ್ರ ಅವನದು.

ಅವನು ಏನು ಮಾಡುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಕಾವಲಿನವನು ನೋಡುತ್ತಿದ್ದ, ಸಾಲಿನವರು ನೋಡುತ್ತಿದ್ದರು. ಅಮ್ಮಾಜಿ ಮಡಿಲಲ್ಲಿ ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದಳು.

“ಮೆಲ್ಲಗೆ ಮಾಮ,” ಎಂದಳು, “ಅವಸರ ಇಲ್ಲ.”