ಅವ್ವನ ಮುಖದ ನಂಬರು

ಮೈನಸ್ ಆರರ ಚಸ್ಮಾ ಬಿಡಲು ಲೇಸರ್ ಮಾಡಿಸಿಕೊಂಡೆ. "ಹಸಿರು ದೀಪಾನ ನೋಡ್ರಿ, ಅಲ್ಲಾಡಬ್ಯಾಡ್ರಿ," ಎಂದ ಡಾಕ್ಟರರ ಮೂಗಿನ ದನಿಯನ್ನು, ಮಿಮಿಕ್ರಿ ಮಾಡುವ ನಾನು, ಈಗಲೂ ತದ್ರೂಪು ತೆಗೆಯಬಲ್ಲೆ. ಕಿರಣವು ಕಣ್ಣಿನ ಮೇಲ್ಪದರವನ್ನು ತಿದ್ದುವಾಗ ಕೂದಲು ಸುಟ್ಟ ವಾಸನೆ ಬಂದಿತ್ತು.

ಮರುದಿನ ಬೆಟಗೇರಿಯ ಮನೆಯಲ್ಲಿ ಕಣ್ಣಿನ ಪಟ್ಟಿ ತೆಗೆದಾಗ ಗೋಡೆಯ ಕ್ಯಾಲೆಂಡರಿನ ತಿಥಿಯೂ ಸ್ಪಷ್ಟವಾಗಿ ಕಂಡಿತು. ಚಹಾ ಹಿಡಿದು ನಿಂತ ಅವ್ವನ ಬಳೆ, ಸೀರೆಯಂಚು ಎಲ್ಲವೂ ಸ್ಪಷ್ಟವಾಗಿದ್ದವು. ಮುಖ ಮಾತ್ರ ಮಂಜು.

"ಯಾಕೋ ಅಣ್ಣಾ, ಅವ್ವನ್ನ ಕಂಡೇ ಇಲ್ಲದವ್ರಂಗ ನೋಡಾಕತ್ತಿ?" ಎಂದು ತಂಗಿ ಶೈಲಾ ನಕ್ಕಳು. ಅವಳ ಗಲ್ಲದ ಮಚ್ಚೆಯೂ ಕಾಣುತ್ತಿತ್ತು.

ವಾರದ ನಂತರದ ತಪಾಸಣೆಯಲ್ಲಿ ಡಾಕ್ಟರರು ಕೊನೆಯ ಸಾಲಿನವರೆಗೂ ಓದಿಸಿ, "ನಂಬರ್ ಸೊನ್ನೆ" ಎಂದರು. ಪಕ್ಕದಲ್ಲೇ ಕುಳಿತಿದ್ದ ಅವ್ವನ ಮುಖ ಆಗಲೂ ಮಂಜು.

ಮನೆಗೆ ಬಂದು ಹಳೆಯ ಚಸ್ಮಾ ಹಾಕಿದೆ. ಶೈಲಾ, ಕ್ಯಾಲೆಂಡರು, ಗೋಡೆ ಎಲ್ಲವೂ ಕಲಸಿಹೋದವು. ಅವ್ವನ ಮುಖವೊಂದೇ ನಿಚ್ಚಳವಾಗಿ ಕಂಡಿತು. ಮತ್ತೆ ಕೂದಲು ಸುಟ್ಟ ವಾಸನೆ ಬಂತು.

"ಕಣ್ಣು ನೆಟ್ಟಗಾದ್ರ ಚಸ್ಮಾನ ಹರ್ತಿ ಬಸವಣ್ಣನ ಹುಂಡಿಗೆ ಹಾಕ್ತೀನಂತ ಬೇಡ್ಕೊಂಡೀನಿ. ಕೊಡಪಾ," ಎಂದು ಅವ್ವ ಕೈ ಚಾಚಿದಳು.

"ನಾಳೆ ಕೊಡ್ತೀನಿ ಬೇ," ಎಂದೆ.

ಐದು ತಿಂಗಳಾಯಿತು, ದಿನಾ ಕೇಳುತ್ತಾಳೆ, ದಿನಾ ನಾಳೆ ಎನ್ನುತ್ತೇನೆ. ಊರವರೆಲ್ಲರ ದನಿ ತೆಗೆಯುವ ನನಗೆ ಅವಳ ದನಿ ಮಾತ್ರ, ಚಸ್ಮಾ ಹಾಕಿ ಮುಖ ಕಂಡರಷ್ಟೇ ತೆಗೆಯಲು ಬರುತ್ತದೆ.