ಕೊನೆಯ ಸಾಲಿನ ಖಾರ

"ನಿಮ್ಮ ನಾಲಿಗೆ ಏನು, ತಗಡಿಂದ ಮಾಡಿದ್ದಾ?"

ಮೊದಲ ಭೇಟಿಯಲ್ಲೇ ಅವನು ಹಾಗೆ ಕೇಳಿದ್ದ! ಸಾಸ್ ಕಾರ್ಖಾನೆಯ ರುಚಿ ಕೋಣೆಯಲ್ಲಿ, ಅವನು ತನ್ನ ತೋಟದಿಂದ ತಂದ ಮೆಣಸಿನಕಾಯಿಯನ್ನು ಅವಳು ಕಣ್ಣು ಮಿಟುಕಿಸದೆ ಅಗಿದು ನುಂಗಿದ್ದಳು. ಖಾರ ನೋಡಿ ಹತ್ತಕ್ಕೆ ಅಂಕ ಕೊಡುವುದೇ ಅವಳ ಕೆಲಸ.

"ಒಂಬತ್ತು," ಎಂದಳು ಗತ್ತಿನಿಂದ. ಮರುಕ್ಷಣ ಓಡಿಹೋಗಿ ನಲ್ಲಿಯ ಕೆಳಗೆ ಬಾಯಿಟ್ಟಳು. ಹಿಂದಿನಿಂದ ಅವನು ಗೊಳ್ಳೆಂದು ನಕ್ಕಿದ್ದು ಕೇಳಿಸಿತು.

ಅಯ್ಯೋ... ಆ ನಗು ಅವಳ ಎದೆಯಲ್ಲಿ ಕೂತೇಬಿಟ್ಟಿತು!

ಆಮೇಲೆ ರಜೆ ಬಂತೆಂದರೆ ಅವಳು ಅವನ ತೋಟದಲ್ಲಿ. ಮೊಟ್ಟೆಸಿಪ್ಪೆ ಹುರಿದು ಕುಟ್ಟುವುದು, ಒಲೆಯ ಬೂದಿ ಜರಡಿ ಹಿಡಿಯುವುದು, ವರ್ಷವಿಡೀ ಕೊಳೆತ ಎಲೆಗೊಬ್ಬರವನ್ನು ಮೂಸಿ ನೋಡುವುದು... ಎಲ್ಲ ಅವನೇ ಕಲಿಸಿದ. ಬೀಜ ಮಾತ್ರ ತೀರಿಹೋದ ಅವನ ಅಮ್ಮನದು. ಮೂವತ್ತು ವರ್ಷ ಒಂದೊಂದು ಕಾಯಿ ಕಚ್ಚಿ ನೋಡಿ ಆರಿಸಿ ಉಳಿಸಿದ್ದು.

"ಹೂ ಬಿಟ್ಟಮೇಲೆ ಜಾಸ್ತಿ ಗೊಬ್ಬರ, ನೀರು ಕೊಡಬಾರದು, ನಾಲಿಗೆ ಮೇಡಂ. ಹೊಟ್ಟೆ ತುಂಬಿದ ಗಿಡಕ್ಕೆ ಸಿಟ್ಟು ಬರಲ್ಲ. ಸಿಟ್ಟು ಬರದೆ ಖಾರ ಬರಲ್ಲ."

"ಪಾಪ, ಉಪವಾಸ ಕೆಡವ್ತೀರಾ?"

"ನೀವೇನು ಅದರ ಅಜ್ಜೀನಾ?"

ಅವಳು ನಕ್ಕಿದ್ದಳು. ಗೊಬ್ಬರದ ಮಾತು ಮಾತ್ರ ತಲೆಗೆ ಹೋಗಲಿಲ್ಲ.

ಅಕ್ಕನ ಹೆರಿಗೆಗೆಂದು ಅವನು ಹತ್ತು ದಿನ ಊರು ಬಿಟ್ಟಾಗ ತೋಟದ ಬೀಗದ ಕೈ ಅವಳ ಕೈಗೆ ಬಂತು. ಸೊರಗಿದಂತಿದ್ದ ಗಿಡಗಳನ್ನು ಕಂಡು ಅವಳ ಕರುಳು ಚುರುಕ್ ಎಂದಿತು. 'ಬಂದಾಗ ನೋಡಿ ಬೆರಗಾಗಲಿ...' ಎಂದುಕೊಂಡು ಪಕ್ಕದ ಕೋಳಿ ಸಾಕಣೆಯಿಂದ ಮೂರು ಚೀಲ ಹಸಿಗೊಬ್ಬರ ತರಿಸಿ ಸುರಿದಳು. ಅದು ಕರಗಲೆಂದು ದಿನವೂ ಬಿಂದಿಗೆಗಟ್ಟಲೆ ನೀರು!

ಗಿಡ ಸೊಂಟದೆತ್ತರ ಬೆಳೆಯಿತು. ಎಲೆಯೋ ಎಲೆ. ಊರಿಂದ ಬಂದ ಅವನು 'ಅಮ್ಮನ ಗಿಡ ಹೀಗಿರಲ್ಲ' ಎಂದು ತಲೆ ಕೆರೆದುಕೊಂಡ; ಕಾಯಿ ಬಿಡಲಿ, ಆಮೇಲೆ ಹೇಳೋಣ ಎಂದು ಅವಳು ಗುಟ್ಟು ಬಿಡಲಿಲ್ಲ. ಕಾಯಿ ಹಣ್ಣಾದಾಗ ರುಚಿ ಕೋಣೆಯಲ್ಲಿ ಅವಳೇ ಅಗಿದಳು. ನಾಲಿಗೆ ತಣ್ಣಗಿತ್ತು.

"ಎರಡು," ಎಂದಳು.

ಅವನ ಮುಖ ಬಾಡಿತು. "ಬೀಜಾನೇ ಸತ್ತಿದೆ ಅನ್ಸುತ್ತೆ. ಅಮ್ಮನ ಕೈಗುಣ ಅಮ್ಮನ ಜೊತೇನೇ ಹೋಯ್ತು."

'ಇಲ್ಲ! ನಾನೇ ಕೊಂದೆ...' ಎಂದು ಹೇಳಬೇಕೆನಿಸಿತು. ಹೇಳಿದರೆ ಅವನು ಇನ್ನು ಮುಖ ನೋಡುತ್ತಾನಾ? ಅವಳು ಮಾತನ್ನು ನುಂಗಿಕೊಂಡಳು. ಅಂದಿನಿಂದ ಒಂಬತ್ತು ದಿನ ತಿಂದ ಅನ್ನ ಮೈಗೆ ಹತ್ತಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಕಾರ್ಖಾನೆಯ ಮಾಲಕಿ ಹೇಳಿದರು. "ಅವನು ನರ್ಸರಿಯಿಂದ ಬೇರೆ ತಳಿ ಸಸಿ ತರಿಸ್ತಿದಾನಂತೆ ಕಣೇ. ಹಳೇ ಗಿಡ, ಬೀಜ ಎಲ್ಲ ಇವತ್ತೇ ಸುಡ್ತಾನಂತೆ."

ಅವಳು ಏಪ್ರನ್ ಕೂಡ ಬಿಚ್ಚದೆ ಓಡಿದಳು.

ಅವನು ಗುದ್ದಲಿ ಹಿಡಿದು ಮೊದಲ ಸಾಲಿನಲ್ಲಿ ನಿಂತಿದ್ದ.

"ನಿಲ್ಸಿ! ಬೀಜದ್ದಲ್ಲ ತಪ್ಪು... ನನ್ನದು!"

"ಏನು ಹೇಳ್ತಿದೀರಾ?"

"ಕೋಳಿಗೊಬ್ಬರ... ಹಸೀದು, ಮೂರು ಚೀಲ. ನೀವು ಊರಲ್ಲಿಲ್ಲದಾಗ ನಾನೇ ಹಾಕ್ದೆ. ದಿನಾ ನೀರೂ ಹೊಯ್ದೆ." ಏದುಸಿರಿನಲ್ಲೇ ಅವಳು ಬೇಲಿಯಂಚಿಗೆ ಓಡಿ ಕೊನೆಯ ಸಾಲಿನ ಕುಳ್ಳು ಗಿಡದಿಂದ ಒಂದು ಕಾಯಿ ಕಿತ್ತು ತಂದಳು. "ಈ ಸಾಲಿಗೆ ಚೀಲ ಸಾಲ್ಲಿಲ್ಲ, ನೀರೂ ಹಾಕ್ಲಿಲ್ಲ. ಇದನ್ನ ಕಚ್ಚಿ ನೋಡಿ."

ಅವನು ಕಚ್ಚಿದ.

ಮೂಗು ಕೆಂಪಾಯಿತು. ಕಿವಿ ಕೆಂಪಾಯಿತು. ಕಣ್ಣಿಂದ ನೀರು ದಳದಳ ಇಳಿಯಿತು. ಅದು ಬರೀ ಖಾರದ್ದಲ್ಲ ಎಂದು ಅವಳಿಗೆ ಗೊತ್ತಾಯಿತು.

"ಅಮ್ಮಂದೇ..." ಎಂದ ಅವನು. ಉಳಿದ ಕಾಯಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಅವತ್ತೇ ಯಾಕೆ ಹೇಳ್ಲಿಲ್ಲ? ಅಮ್ಮನ ಬೀಜಾನ ಇವತ್ತು ಸುಟ್ಟೇಬಿಡ್ತಿದ್ದೆ!"

"ಹೇಳಿದ್ರೆ ನೀವು ಸಿಗಲ್ಲ ಅಂತ ಹೆದ್ರಿಕೆ... ಈಗಲೂ ಅದೇ ಹೆದ್ರಿಕೆ. ಆದ್ರೂ ಹೇಳ್ಬೇಕಿತ್ತು. ಬೈರಿ. ಹೊಡೀರಿ ಬೇಕಾದ್ರೆ..."

"ಅಷ್ಟೊಂದು ಗೊಬ್ಬರ ಸುರಿಯೋವಷ್ಟು ಪ್ರೀತೀನಾ, ಗಿಡದ ಮೇಲೆ?"

ಅವಳು ತಲೆ ತಗ್ಗಿಸಿದಳು. "ಗಿಡದ ಮೇಲಲ್ಲ..."

"ನಂಗೆ ಸಿಟ್ಟು ಬಂದಿದೆ," ಎಂದ ಅವನು ಮೂಗು ಒರೆಸಿಕೊಳ್ಳುತ್ತ. "ಇನ್ನೂ ಸ್ವಲ್ಪ ದಿನ ಇರುತ್ತೆ."

"ಇರಲಿ. ಎಷ್ಟು ದಿನ ಆದ್ರೂ ಕಾಯ್ತೀನಿ."

"ದೂರ ಕೂತು ಕಾಯೋದು ಬೇಡ. ಇಲ್ಲೇ ಇರಿ... ನನ್ನ ಜೊತೆ."

ಗೇಟಿನಾಚೆ ನರ್ಸರಿಯ ಗಾಡಿ ಎರಡು ಸಲ ಹಾರ್ನ್ ಹೊಡೆಯಿತು. ಅವನು ಗುದ್ದಲಿಯನ್ನು ಬೇಲಿಗೆ ಒರಗಿಸಿ ನಾಲ್ಕು ಹೆಜ್ಜೆ ನಡೆದ. ಆಮೇಲೆ ತಿರುಗಿ ಬಂದು ಅವಳ ಕೈ ಹಿಡಿದುಕೊಂಡು, ಗಾಡಿಯನ್ನು ವಾಪಸ್ ಕಳಿಸಲು ಗೇಟಿನತ್ತ ಹೊರಟ.