ಕ್ವಾರಿ ಕಡೆಯ ಒಳದಾರಿ

"ಬೇರೆ ಗಾಡಿ ತಗೊ. ಇದರ ಜಿಪಿಎಸ್‌ಗೆ ಅತ್ತಿಗೆ ಏನೋ ಮಾಡಿಸಿದಾರೆ," ಎಂದ ಮೆಕ್ಯಾನಿಕ್, ಗ್ರೀಸ್ ಕೈಯನ್ನು ಚಿಂದಿಗೆ ಒರೆಸುತ್ತ.

ಕೊರಿಯರ್ ಆಫೀಸಿನ ಶೆಡ್ಡಿನಲ್ಲಿ ಹೊಸಬ ಗಹಗಹಿಸಿ ನಕ್ಕ. ಕೆಲಸಕ್ಕೆ ಸೇರಿ ಮೂರು ತಿಂಗಳಾದರೂ ಅವನಿಗೆ ಆ ಹೆಸರೇ ಅಂಟಿಕೊಂಡಿತ್ತು. "ಮಂತ್ರ ಉಪಗ್ರಹದವರೆಗೂ ಹೋಗುತ್ತಾ? ಅದಕ್ಕೂ ಸಿಗ್ನಲ್ ಸಿಗಬೇಕಲ್ಲ."

ಗಾಡಿ ಮೀಸೆಯಣ್ಣನದು. ಹೋದ ತಿಂಗಳು ಬೆಳಗಿನ ಮಂಜಿನಲ್ಲಿ ಪಾಳು ಕಲ್ಲುಕ್ವಾರಿಗೆ ಬಿದ್ದು ಸತ್ತ ಹಿರಿಯ ಸವಾರ. ಗಾಡಿ ಮಾತ್ರ ಅಂಚಿನ ಬಂಡೆಗೆ ಸಿಕ್ಕಿಕೊಂಡು ಉಳಿದಿತ್ತು. ಅವನ ಹೆಂಡತಿಯನ್ನು ಸವಾರರೆಲ್ಲ ಅತ್ತಿಗೆ ಎನ್ನುತ್ತಿದ್ದರು.

ಮೆಕ್ಯಾನಿಕ್ ನಗಲಿಲ್ಲ. ಹ್ಯಾಂಡಲ್ ಮೇಲಿನ ಜಿಪಿಎಸ್ ಪೆಟ್ಟಿಗೆ ತಿರುಗಿಸಿ ತೋರಿಸಿದ. ಹಿಂಬದಿಗೆ ಕಪ್ಪು ಮೇಣ ಮೆತ್ತಿತ್ತು. ಅದರೊಳಗೆ ಗಂಟು ಗಂಟಾಗಿ ಸುತ್ತಿದ ಹೆಂಗಸಿನ ಕೂದಲು. ಸುಟ್ಟ ಬಟ್ಟೆಯ ಕಮಟು ವಾಸನೆ.

"ಕ್ವಾರಿ ದಾರಿಗೆ ಗುರುತು ಹಾಕಿದವನನ್ನ ಬಿಟ್ಟು ಬೇರೆಯವರಿಗೆ ಏನೂ ಆಗಲ್ಲ ಅಂತ ಅತ್ತಿಗೆ ಅಂದಿದಾರೆ. ಆದರೂ ನಾವ್ಯಾರೂ ಮುಟ್ಟಿಲ್ಲ."

ಹೊಸಬ ನಗು ನಿಲ್ಲಿಸಿದ. ಒಳದಾರಿ ಕಂಡವರು ಎಲ್ಲರೂ ನೋಡುವ ಜಿಪಿಎಸ್ ನಕ್ಷೆಯಲ್ಲಿ ಕೆಂಪು ಗುರುತು ಹಾಕುವುದು ಅಲ್ಲಿನ ಸವಾರರ ರೂಢಿ. ಹೆಸರು ಹಾಕುವ ಪದ್ಧತಿಯಿಲ್ಲ, ಒಬ್ಬರನ್ನೊಬ್ಬರು ನಂಬುತ್ತಿದ್ದರು. ಕ್ವಾರಿ ದಾಟಿ ರಸ್ತೆಯಿದೆ ಎಂದು ಸುಳ್ಳು ಗುರುತು ಹಾಕಿದ್ದು ಇವನೇ. ಮೀಸೆಯಣ್ಣ ಸುತ್ತಿ ಬಳಸಿ ತಡವಾಗಲಿ, ಎಲ್ಲರಿಗಿಂತ ಮೊದಲು ಪಾರ್ಸೆಲ್ ಮುಗಿಸಿದ ಹೆಸರು ತನಗೆ ಬರಲಿ ಎಂದು. ಸಾಯಲಿ ಎಂದಲ್ಲ. ಸುದ್ದಿ ಬಂದ ಮಧ್ಯಾಹ್ನವೇ ಗುರುತನ್ನು ಅಳಿಸಿ, ಎಲ್ಲರ ಜೊತೆ ನಿಂತು ಅತ್ತಿದ್ದ.

ಈಗ ಗಾಡಿ ಬೇಡವೆಂದರೆ ತಾನಾಗಿಯೇ ಸಿಕ್ಕಿಬಿದ್ದಂತೆ.

"ಕೀ ಕೊಡಣ್ಣ," ಎಂದ.

ಮಧ್ಯಾಹ್ನದವರೆಗೆ ಜಿಪಿಎಸ್ ಸುಮ್ಮನೆ ತನ್ನ ಕೆಲಸ ಮಾಡಿತು. ಕೊನೆಯ ಪಾರ್ಸೆಲ್ ಕೊಟ್ಟು, ಊಟಕ್ಕೆ ಬರುತ್ತೇನೆಂದು ಅಮ್ಮನಿಗೆ ಫೋನ್ ಮಾಡಿ, ಮನೆಯ ವಿಳಾಸ ಒತ್ತಿದ.

"ಎಡಕ್ಕೆ ತಿರುಗಿ."

ಮನೆ ಬಲಕ್ಕಿತ್ತು. ಬಲಕ್ಕೇ ತಿರುಗಿದ.

"ಎಡಕ್ಕೆ ತಿರುಗು, ತಮ್ಮಾ."

ಯಂತ್ರದ ದನಿಯಲ್ಲ. ಅತ್ತು ಅತ್ತು ಒಡೆದ ಗಂಟಲು. ಹೆಣದ ಮುಂದೆ ಕೇಳಿದ ಅತ್ತಿಗೆಯ ಗಂಟಲು. ಪೆಟ್ಟಿಗೆಯನ್ನು ಕಿತ್ತು ಚರಂಡಿಗೆ ಎಸೆದ. ದನಿ ಹೆಲ್ಮೆಟ್ಟಿನೊಳಗೆ ಬಂತು. ಹೆಲ್ಮೆಟ್ಟನ್ನೂ ಎಸೆದ. ದನಿ ಕಿವಿಯ ಹಿಂದೆ, ಬಿಸಿ ಉಸಿರಿನ ಜೊತೆ. ಹಿಂದಿನ ಸೀಟು ಭಾರವಾಯಿತು. ತಿರುಗಿ ನೋಡುವ ಧೈರ್ಯವಿಲ್ಲ. ಬಲಕ್ಕೆ ತಿರುಗಿದ. ಮತ್ತೆ ಬಲಕ್ಕೆ. ಬಿಸಿಲು ಆರಿತು. ಮಂಜು ಕವಿಯಿತು. ಬಾಯಿಗೆ ಕಲ್ಲಿನ ಪುಡಿ. ಬ್ರೇಕ್ ಒತ್ತಿದ. ಚಕ್ರ ನಿಲ್ಲಲಿಲ್ಲ. ಎದುರಿಗೆ ಕ್ವಾರಿಯ ಅಂಚು, ಕೆಳಗೆ ಕಪ್ಪು ನೀರು.

"ನಾನೇ ಅತ್ತಿಗೆ! ನಾನೇ ಹಾಕಿದ್ದು!"

ಎಂಜಿನ್ ನಿಂತಿತು. ಮುಂದಿನ ಚಕ್ರ ಗಾಳಿಯಲ್ಲಿ ಸುತ್ತುತ್ತಿತ್ತು.

"ಗೊತ್ತು ತಮ್ಮಾ," ಎಂದಿತು ದನಿ. "ನೀನು ಸಾಯೋದು ನನಗೆ ಬೇಡ. ಇಲ್ಲಿ ದಾರಿ ಇಲ್ಲ ಅಂತ ಹೇಳೋಕೆ ಅವತ್ತು ಯಾರೂ ಇರಲಿಲ್ಲ. ಇನ್ನು ಮೇಲೆ ನೀನಿರು."

ಹೊಸಬ ಗಾಡಿ ಬಿಟ್ಟು ಓಡಿದ. ಬದುಕಿದೆನಲ್ಲ ಎಂದು ನಗುತ್ತ, ಅಳುತ್ತ ಓಡಿದ. ಎದುರಿಗೆ ಒಂದು ಗಾಡಿ ಕಂಡಿತು. ಅವನದೇ ಗಾಡಿ. ಅದೇ ಅಂಚು. ಇನ್ನೊಂದು ದಿಕ್ಕಿಗೆ ಓಡಿದ. ಅದೇ ಅಂಚು.

ಮರುದಿನ ಮೆಕ್ಯಾನಿಕ್ ಹುಡುಕಿಕೊಂಡು ಬಂದು ಅವನನ್ನು ತನ್ನ ಗಾಡಿಗೆ ಹತ್ತಿಸಿಕೊಂಡ. ತಿರುವು ದಾಟುವಷ್ಟರಲ್ಲಿ ಹಿಂದಿನ ಸೀಟು ಖಾಲಿಯಾಗಿತ್ತು. ಆಮೇಲೆ ಯಾವ ಸವಾರನೂ ಆ ಕಡೆ ಸುಳಿಯಲಿಲ್ಲ.

ಅಮ್ಮ ಮಾತ್ರ ಬುತ್ತಿ ಹಿಡಿದು ನಡೆದೇ ಬಂದಳು. ಕೈಯಾರೆ ತಿನ್ನಿಸಿ, ಬಾಯಿ ಒರೆಸಿ, "ಮನೆಗೆ ಹೋಗೋಣ ಬಾರೋ," ಎಂದು ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಹೊರಟಳು. ತಿರುವಿನಲ್ಲಿ ನೋಡಿದರೆ ಅವಳ ಮುಷ್ಟಿಯಲ್ಲಿ ಏನೂ ಇರಲಿಲ್ಲ. ಮಗನನ್ನು ಕರೆಯುತ್ತ, ಮಂಜಿನಲ್ಲಿ ತಡವರಿಸುತ್ತ ಕ್ವಾರಿಯ ಕಡೆಗೇ ಓಡಿದಳು.

ಅಂಚಿನಿಂದ ಅವನ ದನಿ ಬಂತು.

"ನಿಲ್ಲಮ್ಮ. ಇಲ್ಲಿ ದಾರಿ ಇಲ್ಲ."